ಕೈ ಪಳಗುತ್ತೆ, ತಲೆಗೆ ಮಾತ್ರ ಹತ್ತಬೇಕು!

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ತಿಂಗಳಾಯಿತು ಅಂದರೆ ನಮ್ಮ ಕಡೆ ಪ್ರತಿಭಾ ಪುರಸ್ಕಾರದ ಸೀಸನ್ ಶುರು. ರಾಮನಗರದಿಂದ ಚನ್ನಪಟ್ಟಣದ ತನಕ ಹಳೇ ಮೈಸೂರು ರಸ್ತೆಯ ಉದ್ದಕ್ಕೂ ಫ್ಲೆಕ್ಸುಗಳು. ಜಾತಿ ಸಂಘದ್ದೊಂದು, ಸಹಕಾರ ಸಂಘದ್ದೊಂದು, ಅಭಿಮಾನಿ ಬಳಗದ್ದೊಂದು. ಕಾರ್ಡಿನಲ್ಲಿ ಬೆಳಗ್ಗೆ 10 ಗಂಟೆ ಅಂತಿರುತ್ತೆ, ಮುಖ್ಯ ಅತಿಥಿ ಬರುವಾಗ 12. ಮಕ್ಕಳಿಗೆ ಶಾಲು, ಹಾರ, ಒಂದು ಮೊಮೆಂಟೊ, ಕವರಿನಲ್ಲಿ ಒಂದಿಷ್ಟು ದುಡ್ಡು. ಮೈಕ್ ಹಿಡಿದವರೆಲ್ಲ ತಪ್ಪದೆ ಹೇಳುವ ಮಾತು: ‘ಪ್ರತಿಭೆ ಯಾರಪ್ಪನ ಸ್ವತ್ತೂ ಅಲ್ಲ.’ ಚಪ್ಪಾಳೆ.

ನಾನು ಕನಕಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಆರು, ಏಳು, ಎಂಟನೇ ಕ್ಲಾಸು. ಹಳಬರು ಈಗಲೂ ಮಿಡ್ಲ್ ಸ್ಕೂಲು ಅನ್ನುವ ವಯಸ್ಸಿನ ಮಕ್ಕಳು. ಹೋದ ವರ್ಷ ಇಂಥದ್ದೇ ಒಂದು ಸಮಾರಂಭಕ್ಕೆ ಹೋಗಿದ್ದೆ. ನಮ್ಮಲ್ಲೇ ಓದಿ ಹೈಸ್ಕೂಲಿಗೆ ಹೋದ ಹುಡುಗಿಯೊಬ್ಬಳಿಗೆ ಸನ್ಮಾನ. ಅವಳ ತಮ್ಮ ನನ್ನ ಏಳನೇ ಕ್ಲಾಸಿನವನು. ಅಕ್ಕ ಸ್ಟೇಜ್ ಮೇಲೆ ಶಾಲು ಹೊದ್ದು ಕೂತಿದ್ದರೆ ಇವನು ಹಿಂದೆ ಕುರ್ಚಿ ಜೋಡಿಸ್ತಾ ಇದ್ದ. ಸುಮ್ಮನೆ ಕೇಳಿದೆ, ‘ಏನೋ, ನೀನ್ಯಾವಾಗ ಸ್ಟೇಜ್ ಹತ್ತೋದು?’

‘ನಾನೆಲ್ಲಿ ಸಾ... ನಂಗೆ ಓದು ತಲೆಗ್ ಹತ್ತಾಕಿಲ್ಲ.’

ಬೇಜಾರಿನಲ್ಲಿ ಹೇಳಲಿಲ್ಲ. ತನ್ನ ಬ್ಲಡ್ ಗ್ರೂಪ್ ಹೇಳುವ ಹಾಗೆ ಹೇಳಿದ. ಹನ್ನೆರಡು ವರ್ಷದ ಹುಡುಗ ತನ್ನ ಮೇಲೆ ತಾನೇ ತೀರ್ಪು ಬರೆದು ಸಹಿ ಹಾಕಿ ಮುಗಿಸಿದ್ದ. ಆ ತೀರ್ಪು ಬರೆಸಿದವರು ಯಾರು ಅಂತ ಅವತ್ತಿನಿಂದ ಯೋಚಿಸ್ತಾ ಇದ್ದೀನಿ. ಆರೋಪಿಗಳ ಪಟ್ಟಿಯಲ್ಲಿ ನಾನೂ ಇದ್ದೀನಿ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ.

ಆ ಹುಡುಗನ ಮನೆಯಲ್ಲಿ ರೇಷ್ಮೆ ಹುಳ ಸಾಕ್ತಾರೆ. ಒಂದು ಸಂಜೆ ಹೋಗಿದ್ದೆ. ನನ್ನ ಕ್ಲಾಸಿನಲ್ಲಿ ಭಿನ್ನರಾಶಿ ಅಂದರೆ ನೆಲ ನೋಡುವವನು ಹುಳದ ಮನೆಯಲ್ಲಿ ನನಗೇ ಪಾಠ ಮಾಡಿದ. ‘ನಾಕ್ನೇ ಜ್ವರ ಎದ್ದವೆ ಸಾ, ಇನ್ಮುಂದೆ ಎಷ್ಟು ಸೊಪ್ಪು ಹಾಕುದ್ರೂ ಸಾಲಕಿಲ್ಲ.’ ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಮೊಟ್ಟೆ ಒಡೆದ ದಿನದಿಂದ ಗೂಡಿಗೆ ಏರುವ ತನಕ ಸುಮಾರು 25 ದಿನ. ಅಷ್ಟೂ ದಿನ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ನಾಲ್ಕನೇ ಜ್ವರದ ನಂತರವೇ ಬೇಕು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಸುಣ್ಣದ ಪುಡಿ ಉದುರಿಸಬೇಕು, ಒದ್ದೆ ಸೊಪ್ಪು ಹಾಕಿದರೆ ರೋಗ ಬರುತ್ತೆ. ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಒಂದು ಸಲ ಮಳೆಯಲ್ಲಿ ನೆನೆದ ಸೊಪ್ಪು ಹಾಕಿ ಒಂದು ತಟ್ಟೆ ಹುಳ ಹಾಳು ಮಾಡಿದ್ದನ್ನೂ ಮುಚ್ಚಿಡದೆ ಹೇಳಿದ.

‘ಇದೆಲ್ಲ ನಿನ್ನ ತಲೆಗೆ ಹೆಂಗೋ ಹತ್ತಿತು?’ ಅಂದೆ.

ಅವನಿಗೆ ನಗು ಬಂತು. ‘ಇದೇನ್ ತಲೆಗ್ ಹತ್ತೋದಾ ಸಾ? ಮಾಡ್ತಾ ಮಾಡ್ತಾ ಬತ್ತದೆ.’

ನನ್ನ ತಕರಾರಿನ ಪೂರ್ತಿ ಕಥೆ ಈ ಎರಡು ಉತ್ತರಗಳ ನಡುವೆ ಇದೆ. ಹುಳದ ಕೆಲಸ ಮಾಡ್ತಾ ಮಾಡ್ತಾ ಬರುತ್ತೆ. ಓದು ಹಾಗಲ್ಲ, ಅದು ಹತ್ತಬೇಕು. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಮಾಡುವ ಕೆಲಸ ಏನೂ ಉಳಿಯೋದಿಲ್ಲ.

ನಮ್ಮ ಭಾಷೆಯನ್ನೇ ಗಮನಿಸಿ. ಕೈಗೆ ‘ಪಳಗು’ ಅನ್ನುವ ಪದ ಇದೆ. ಪಳಗಿದ ಕೈ ಅಂತೀವಿ. ಆ ಪದದಲ್ಲೇ ದಿನ, ತಿಂಗಳು, ವರ್ಷ, ಕೆಟ್ಟುಹೋದ ಕೆಲಸ ಎಲ್ಲ ಸೇರಿದೆ. ಮಕ್ಕಳನ್ನು ಚನ್ನಪಟ್ಟಣದ ಒಂದು ಬೊಂಬೆ ಮನೆಗೆ ಕರೆದುಕೊಂಡು ಹೋಗಿದ್ದೆ. ತಿರುಗುವ ಲೇತಿಗೆ ಹಾಲೆ ಮರದ ತುಂಡು ಸಿಕ್ಕಿಸಿ, ಉಳಿ ಹಿಡಿದು ಕೆತ್ತಿ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ನೋಡಿದರೆ ಮ್ಯಾಜಿಕ್. ಮಕ್ಕಳು ಕೇಳಿದರು, ‘ಎಷ್ಟ್ ದಿನಕ್ಕೆ ಕಲ್ತ್ರಿ ತಾತ?’ ಆ ಹಿರಿಯರು ಮಾತಾಡದೆ ಮೂಲೆಯಲ್ಲಿದ್ದ ಒಡೆದ ತುಂಡುಗಳ ರಾಶಿ ತೋರಿಸಿದರು. ಕಲಿಯೋಕೆ ಬಂದವರಿಗೆ ಮೊದಲು ಕುದುರೆ, ರೈಲು ಕೊಡಲ್ಲ, ಮಣಿ, ಬಳೆಯಂಥ ಸಣ್ಣ ಕೆಲಸ ಕೊಡ್ತೀವಿ, ಕೆಡಿಸಲಿ ಅಂತಲೇ ಕೊಡ್ತೀವಿ ಅಂದರು. ಅಲ್ಲಿ ಮೊದಲ ವಾರವೇ ಮಣಿ ಒಡೆದವನನ್ನು ‘ನಿನಗೆ ಬೊಂಬೆ ತಲೆಗೆ ಹತ್ತಲ್ಲ’ ಅಂತ ಮನೆಗೆ ಕಳಿಸೋದಿಲ್ಲ.

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಅಂತ ಗಾದೆ ಕಟ್ಟಿದ ಜನ ನಾವು. ರಾಗಕ್ಕೆ, ಬೊಂಬೆಗೆ, ಹುಳಕ್ಕೆ ಕೊಡುವ ಕಾಲವನ್ನು ಏಳನೇ ಕ್ಲಾಸಿನ ಭಿನ್ನರಾಶಿಗೆ ಯಾಕೆ ಕೊಡೋದಿಲ್ಲ?

ಮೊದಲ ಕಾರಣ ಮನೆಯಲ್ಲಿದೆ. ಇದನ್ನು ಹೇಳುವಾಗ ಹುಷಾರಾಗಿರಬೇಕು. ನಮ್ಮ ಕಡೆ ಅಪ್ಪ ಅಮ್ಮ ಮಕ್ಕಳಿಗೆ ಓದಿನ ಬಗ್ಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ನಮ್ಮಂಗೆ ಕಷ್ಟ ಬೀಳ್ಬೇಡ, ಓದ್ಕೋ.’ ಈ ಮಾತಿನ ಹಿಂದೆ ಸುಟ್ಟ ಕೈಗಳಿವೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ ಅಂತ ಹೆಮ್ಮೆ ಪಡ್ತೀವಿ. ಆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಕೈಗಳಲ್ಲಿ ಎಷ್ಟೋ ಮಕ್ಕಳ ಕೈಗಳಿದ್ದವು ಅನ್ನೋದನ್ನು ಬೇಗ ಮರೀತೀವಿ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ತಂದಿತ್ತು. ಅದರಲ್ಲಿ ಕರ್ನಾಟಕದ ರೇಷ್ಮೆ ಊರುಗಳೂ ಇದ್ದವು. ಮುಂಗಡ ತಗೊಂಡ ಸಾಲಕ್ಕೆ ಮಗುವನ್ನು ಕೆಲಸಕ್ಕೆ ಬಿಟ್ಟ ಕಥೆಗಳು. ಅವತ್ತು ಹತ್ತು ಹನ್ನೆರಡು ವರ್ಷದವರಾಗಿದ್ದವರು ಇವತ್ತು ನಮ್ಮ ಶಾಲೆಗಳ ಪೋಷಕರು. ಅವರು ಮಗನಿಗೆ ‘ಕಷ್ಟ ಬೀಳ್ಬೇಡ’ ಅಂದರೆ ನಾನು ಯಾವ ಬಾಯಲ್ಲಿ ತಪ್ಪು ಅನ್ನಲಿ?

ಆದರೆ ಮಗುವಿನ ಕಿವಿಗೆ ಆ ಮಾತು ಹೇಗೆ ಕೇಳಿಸುತ್ತೆ ನೋಡಿ. ಕೂಲಿ ಕಷ್ಟ, ಹುಳ ಕಷ್ಟ, ಗಾರೆ ಕೆಲಸ ಕಷ್ಟ. ಓದು ಅಂದರೆ ಕಷ್ಟದ ವಿರುದ್ಧ ಪದ. ಹಾಗೆ ನಂಬಿಕೊಂಡು ಬಂದ ಮಗುವಿಗೆ ಆರನೇ ಕ್ಲಾಸಿನಲ್ಲಿ ಓದೇ ಕಷ್ಟ ಅನ್ನಿಸಿದಾಗ ಏನು ಅರ್ಥ ಮಾಡಿಕೊಳ್ಳಬೇಕು? ‘ಇದು ಎಲ್ಲರಿಗೂ ಕಷ್ಟ, ಒಂದು ವಾರ ಕೂತರೆ ಬರುತ್ತೆ’ ಅಂತ ಹೇಳಿಕೊಡುವವರು ಮನೆಯಲ್ಲಿ ಇಲ್ಲ. ಅವರೂ ಅಷ್ಟು ದೂರ ಓದಿದವರಲ್ಲ. ಹಾಗಾಗಿ ಮಗು ತನಗೆ ಗೊತ್ತಿರುವ ಲೆಕ್ಕ ಹಾಕುತ್ತೆ: ಓದು ಸುಲಭ ಅಂತಾರೆ, ನನಗೆ ಕಷ್ಟ ಆಗ್ತಿದೆ, ಅಂದರೆ ನಾನು ಓದುವವನಲ್ಲ. ಆರು, ಏಳನೇ ಕ್ಲಾಸಿನಲ್ಲಿ ಹೀಗಾಗೋಕೆ ಕಾರಣ ಇದೆ. ಅಲ್ಲಿಯ ತನಕ ಕೈಬೆರಳು ಎಣಿಸಿಯಾದರೂ ಗಣಿತ ದಾಟಬಹುದು. ಋಣ ಸಂಖ್ಯೆ, ಬೀಜಗಣಿತ ಬಂದ ಮೇಲೆ ಬೆರಳು ಸಾಲಲ್ಲ.

ಎರಡನೇ ಕಾರಣ ಸ್ಟೇಜ್ ಮೇಲಿದೆ. ‘ಪ್ರತಿಭೆ’ ಅನ್ನೋ ಪದ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದನೇ ಕ್ಲಾಸಿನ ಮಕ್ಕಳಿಗೆ ಕೆಲವು ಒಗಟು ಬಿಡಿಸೋಕೆ ಕೊಟ್ಟು, ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದ್ದೀಯ’ ಅಂದರು. ಆಮೇಲೆ ಬೇಕಂತಲೇ ಬಹಳ ಕಷ್ಟದ ಒಗಟು ಕೊಟ್ಟು ಸೋಲಿಸಿದರು. ಮೂರನೇ ಸಲ ಮತ್ತೆ ಮೊದಲಿನ ಮಟ್ಟದ ಒಗಟು ಕೊಟ್ಟಾಗ ಶ್ರಮದ ಮೆಚ್ಚುಗೆ ಪಡೆದವರು ಮೊದಲಿಗಿಂತ ಚೆನ್ನಾಗಿ ಮಾಡಿದರು, ಬುದ್ಧಿವಂತರು ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಬುದ್ಧಿವಂತರು ಅನ್ನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು, ತಮಗೆ ಬಂದ ಅಂಕವನ್ನು ಗುರುತಿಲ್ಲದ ಬೇರೊಂದು ಮಗುವಿಗೆ ಬರೆದು ತಿಳಿಸುವಾಗ ಸುಳ್ಳು ಬರೆದರು.

ಇದನ್ನು ಓದಿದಾಗ ನನಗೆ ಮೈ ಚುರುಕ್ ಅಂದಿತು. ನಾನು ಮಾಗಡಿ ಸೀಮೆಯವನು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು, ನಮ್ಮ ಶಾಲೆಗೆ ನಾನೇ ಫಸ್ಟ್. ಊರೆಲ್ಲ ಜಾಣ ಅಂದಿತು. ಪಿಯುಸಿಗೆ ಬೆಂಗಳೂರಿಗೆ ಹೋದೆ. ಪಾಠ ಇಂಗ್ಲಿಷಿನಲ್ಲಿ, ಏನೂ ತಿಳೀತಿರಲಿಲ್ಲ. ಪಕ್ಕದವನನ್ನು ಕೇಳಿದರೆ ಜಾಣತನ ಹೋಗುತ್ತೆ ಅಂತ ಕೇಳಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 38 ಬಂತು. ಊರಿಗೆ ಬಂದಾಗ ಅಪ್ಪ ಕೇಳಿದರು. ಅಂಕಿ ತಿರುಗಿಸಿ 83 ಅಂದೆ. ಅಪ್ಪ ಎದುರುಮನೆಯವರಿಗೂ ಹೇಳಿ ಬಂದರು. ಜಾಣ ಅನ್ನುವ ಬಿರುದನ್ನು ಉಳಿಸಿಕೊಳ್ಳೋಕೆ ನಾನು ಎರಡು ವರ್ಷ ಪಟ್ಟ ಪಾಡನ್ನು ಗಣಿತಕ್ಕೇ ಪಟ್ಟಿದ್ದರೆ ಗಣಿತ ಬಂದಿರುತ್ತಿತ್ತು.

ಹಾಗಾಗಿ ಪ್ರತಿಭಾ ಪುರಸ್ಕಾರದ ಬಗ್ಗೆ ನನ್ನ ತಕರಾರು ಇಷ್ಟೇ. ಅದು ಶಾಲು ಹೊದಿಸುವ ಮಗುವಿಗೂ ಸುಳ್ಳು ಹೇಳುತ್ತೆ, ಹಿಂದೆ ಕುರ್ಚಿ ಜೋಡಿಸುವ ಮಗುವಿಗೂ ಸುಳ್ಳು ಹೇಳುತ್ತೆ. ಆ ಅಕ್ಕನನ್ನೇ ತಗೊಳ್ಳಿ. ಏಳನೇ ಕ್ಲಾಸಿನಲ್ಲಿ ಅವಳಿಗೆ ಗಣಿತ ನೀರು ಕುಡಿದ ಹಾಗೇನೂ ಇರಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಸಲ ಮಾಡಿ, ನಾಲ್ಕೂ ತಪ್ಪಾಗಿ, ಮಾರನೇ ದಿನ ಅದನ್ನು ಮಡಚಿಕೊಂಡು ಬಂದು ‘ಎಲ್ಲಿ ತಪ್ಪಿದೆ ಸಾರ್’ ಅಂತ ಕೇಳುವ ಹುಡುಗಿ. ಅದನ್ನು ಕಂಡವನು ನಾನು. ಅವಳ ತಮ್ಮನೂ ಮನೆಯಲ್ಲಿ ಕಂಡಿದ್ದಾನೆ. ಆದರೆ ಮೈಕಿನಲ್ಲಿ ಬಂದದ್ದು ‘ಗ್ರಾಮೀಣ ಪ್ರತಿಭೆ’ ಅಂತ. ಕ್ಯಾಲೆಂಡರಿನ ಹಾಳೆಗಳು ಮಾಯವಾದವು. ತಮ್ಮನಿಗೆ ಉಳಿದ ಪಾಠ: ಅಕ್ಕನಿಗೆ ಹತ್ತಿತು, ನನಗೆ ಹತ್ತಲಿಲ್ಲ.

ಮೂರನೇ ಕಾರಣ ಶಾಲೆ, ಅಂದರೆ ನಾನು. ನಮ್ಮಲ್ಲಿ ಮಗು ಜಾಸ್ತಿ ಕೆಲಸ ಮಾಡೋದು ಯಾವಾಗ? ತಪ್ಪು ಮಾಡಿದಾಗ. ‘ಹತ್ತು ಸಲ ಬರಿ.’ ಇಂಪೊಸಿಷನ್! ಶ್ರಮವನ್ನು ನಾವು ಶಿಕ್ಷೆಯಾಗಿ ಕೊಡ್ತೀವಿ, ಬಿಡುಗಡೆಯನ್ನು ಬಹುಮಾನವಾಗಿ ಕೊಡ್ತೀವಿ: ‘ಬೇಗ ಮುಗಿಸಿದವರು ಆಟಕ್ಕೆ ಹೋಗಿ.’ ಬೇಗ ಮುಗಿಸೋದು ಹೇಗೆ ಅಂತ ಮಕ್ಕಳಿಗೆ ಗೊತ್ತು, ಗೈಡ್ ಇದೆ, ಮುಂದಿನ ಬೆಂಚಿನವನ ನೋಟ್ಸ್ ಇದೆ. ನಾವು ನೋಡೋದು ನೋಟ್ಸ್ ಕಂಪ್ಲೀಟ್ ಆಗಿದೆಯಾ, ಮಾರ್ಜಿನ್ ಹಾಕಿದ್ದಾರಾ, ಅಕ್ಷರ ದುಂಡಗಿದೆಯಾ ಅಂತ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ, ಮಗು ಕಲಿಯುತ್ತಿರುವಾಗಲೇ ಎಲ್ಲಿ ಎಡವಿದೆ ಅಂತ ನೋಡಿ ಸರಿಮಾಡೋಕೆ ಇರೋದು. ನಾವದನ್ನು ಚಾರ್ಟ್ ತಂದುಕೊಡುವ ಹಬ್ಬ ಮಾಡಿಕೊಂಡಿದ್ದೀವಿ. ಪೇಟೆಯ ಅಂಗಡಿಯಲ್ಲಿ ಪ್ರಾಜೆಕ್ಟಿಗೆ ಅಂತಲೇ ರೆಡಿ ಚಿತ್ರ ಸಿಗುತ್ತವೆ.

ಇದಕ್ಕೆಲ್ಲ ಪರಿಹಾರ ಭಯ ಅನ್ನುವವರಿದ್ದಾರೆ. ‘ಎಂಟನೇ ಕ್ಲಾಸಿನ ತನಕ ಫೇಲ್ ಮಾಡಲ್ಲ, ಅದಕ್ಕೇ ಓದಲ್ಲ’ ಅಂತ ಸ್ಟಾಫ್ ರೂಮಿನಲ್ಲಿ ದಿನಾ ಕೇಳ್ತೀನಿ. ಭಯದ ಫಲವನ್ನೂ ನೋಡಿದ್ದೀವಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕದ ಮಿತಿ ಏರಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಕಾರಣ ಒಂದೇ ಅಂತ ನಾನು ಹೇಳಲ್ಲ. ಆದರೆ ಮಿಡ್ಲ್ ಸ್ಕೂಲಿನಲ್ಲಿ ನಕಲು ಮಾಡಿದ ನೋಟ್ಸಿಗೆ ಕೆಂಪು ಇಂಕಿನಲ್ಲಿ ‘ಗುಡ್’ ಬರೆದ ನಮಗೂ ಅದರಲ್ಲಿ ಪಾಲಿದೆ.

ಸರಿ, ಟೀಕೆ ಮಾಡೋದು ಸುಲಭ, ನೀನೇನು ಮಾಡಿದೆ ಅಂತ ಕೇಳಬಹುದು. ಮೊದಲು ಒಂದು ದೊಡ್ಡ ತಪ್ಪು ಮಾಡಿದೆ. ಡ್ವೆಕ್ ಬಗ್ಗೆ ಓದಿದ ಉತ್ಸಾಹದಲ್ಲಿ ಗಣರಾಜ್ಯೋತ್ಸವದ ದಿನ ‘ಶ್ರಮ ಪ್ರಶಸ್ತಿ’ ಅಂತ ಶುರು ಮಾಡಿದೆ. ಕಡಿಮೆ ಅಂಕ ಬಂದರೂ ಬಿಡದೆ ಪ್ರಯತ್ನಿಸಿದ ಮೂವರಿಗೆ ಜಾಮಿಟ್ರಿ ಬಾಕ್ಸು. ಮಾರನೇ ದಿನ ಒಬ್ಬ ಹುಡುಗನ ತಾಯಿ ಬಂದರು. ಬಾಕ್ಸು ಮೇಜಿನ ಮೇಲಿಟ್ಟು ಕೇಳಿದರು, ‘ಮೇಷ್ಟ್ರೇ, ನನ್ ಮಗ ದಡ್ಡ ಅಂತ ಎಲ್ರ ಮುಂದೆ ಯೋಳಕ್ಕಾ ಇದ್ನ ಕೊಟ್ಟಿದ್ದು?’ ಮಕ್ಕಳು ಆಗಲೇ ಅದಕ್ಕೆ ‘ದಡ್ಡರ ಪ್ರೈಜ್’ ಅಂತ ಹೆಸರಿಟ್ಟಿದ್ದರು. ಮೊದಲ ಬಹುಮಾನ ಪ್ರತಿಭೆಗೇ ಇಟ್ಟುಕೊಂಡು, ಸಮಾಧಾನಕರ ಬಹುಮಾನವನ್ನು ಶ್ರಮಕ್ಕೆ ಕೊಟ್ಟರೆ ಇನ್ನೇನು ಹೆಸರಿಡಬೇಕು? ಮಕ್ಕಳು ನನಗಿಂತ ಚೆನ್ನಾಗಿ ವಿಮರ್ಶೆ ಮಾಡಿದರು.

ಅಮೆರಿಕದಲ್ಲೂ ಇದಕ್ಕೆ ಹತ್ತಿರದ ಅನುಭವ ಆಗಿದೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಸುಮಾರು 12,000 ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ‘ಬುದ್ಧಿ ಬೆಳೆಸಬಹುದು’ ಅನ್ನೋ ಪಾಠವನ್ನು ಒಂದು ಗಂಟೆಗೂ ಕಡಿಮೆ ಹೊತ್ತು ಕೊಟ್ಟು ನೋಡಿದರು. ಹಿಂದುಳಿದ ಮಕ್ಕಳಿಗೆ ಲಾಭ ಆಯಿತು, ಆದರೆ ಸಣ್ಣದು. ಕಷ್ಟದ ಕೆಲಸಕ್ಕೆ ಕೈ ಹಾಕೋದು ಸಹಪಾಠಿಗಳ ನಡುವೆ ಮಾಮೂಲಾಗಿದ್ದ ಶಾಲೆಗಳಲ್ಲೇ ಅದು ಚೆನ್ನಾಗಿ ಕಂಡಿತು. ಅಂದರೆ ಗೋಡೆ ಮೇಲೆ ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಬರೆಸಿದರೆ ಸಾಲದು. ಕ್ಲಾಸಿನಲ್ಲಿ ಕೆಸರಿಗೆ ಜಾಗ ಇರಬೇಕು.

ಈಗ ನನ್ನ ಕ್ಲಾಸಿನಲ್ಲಿ ಪ್ರಶಸ್ತಿ ಇಲ್ಲ. ನೋಟ್‌ಬುಕ್ಕಿನ ಎಡಪುಟ ಕೆಡಿಸೋಕೆ ಅಂತಲೇ ಬಿಟ್ಟಿದ್ದೀವಿ. ಅಲ್ಲಿ ರಬ್ಬರ್ ಹಾಕುವಂತಿಲ್ಲ. ಬಲಪುಟದಲ್ಲಿ ಸರಿಯುತ್ತರ ಇದ್ದು ಎಡಪುಟ ಖಾಲಿ ಇದ್ದರೆ ‘ಇದು ಹೆಂಗ್ ಬಂತು, ಹೇಳು’ ಅಂತ ಕೇಳ್ತೀನಿ. ‘ಜಾಣ’, ‘ದಡ್ಡ’ ಎರಡೂ ಪದ ಬಿಟ್ಟಿದ್ದೀನಿ. ಬಾಯಿಗೆ ಬಂದುಬಿಡುತ್ತವೆ, ನುಂಗಿಕೊಳ್ತೀನಿ. ಬದಲಿಗೆ ಮಾಡಿದ ಕೆಲಸವನ್ನೇ ಹೇಳ್ತೀನಿ, ‘ಛೇದ ಸಮ ಮಾಡಿದ್ದೀಯ, ಅಂಶಕ್ಕೆ ಗುಣಿಸೋದು ಮರೆತಿದ್ದೀಯ.’ ಬರೀ ‘ಇನ್ನೂ ಕಷ್ಟಪಡು’ ಅನ್ನಲ್ಲ. ದಾರಿ ತಪ್ಪಿದವನಿಗೆ ಜೋರಾಗಿ ನಡಿ ಅಂದರೆ ಇನ್ನೂ ದೂರ ಹೋಗ್ತಾನೆ. ಜೊತೆಗೆ ಕೊನೇ ಪೀರಿಯಡ್‌ನಲ್ಲಿ ಇಪ್ಪತ್ತು ನಿಮಿಷ ಹೋಂವರ್ಕನ್ನು ಶಾಲೆಯಲ್ಲೇ ಶುರು ಮಾಡಿಸ್ತೀನಿ. ಹುಳ ನಾಲ್ಕನೇ ಜ್ವರ ಎದ್ದ ಮನೆಯಲ್ಲಿ ಆ ವಾರ ಮಗುವಿಗೆ ಕೂತು ಬರೆಯೋಕೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಆ ಮಗುವಿಗೆ ‘ನಿನ್ನಲ್ಲಿ ಶ್ರಮ ಇಲ್ಲ’ ಅಂದರೆ ನಾಲಿಗೆಗೆ ಹುಳ ಬೀಳಬೇಕು. ಅವನಲ್ಲಿ ಶ್ರಮ ಬೇಕಾದಷ್ಟಿದೆ, ಅದು ಪುಸ್ತಕದ ಹತ್ತಿರ ಬರುವ ದಾರಿಯನ್ನು ನಾವು ದೊಡ್ಡವರು ಮಾಡಿಕೊಡಬೇಕು. ಮನೆಯವರಿಗೆ ನಾನು ಕೇಳುವುದೂ ಒಂದೇ: ‘ಓದಿದ್ರೆ ಕಷ್ಟ ಇಲ್ಲ’ ಅನ್ನಬೇಡಿ, ‘ಓದೂ ಕಷ್ಟವೇ, ಹುಳ ಕಲ್ತ ಹಾಗೇ ಕಲೀತೀಯ’ ಅನ್ನಿ.

ಎಲ್ಲ ಬದಲಾಯಿತು ಅಂತ ಹೇಳಿದರೆ ನಾನೂ 38ನ್ನು 83 ಮಾಡಿದ ಹಾಗಾಗುತ್ತೆ. ಎಡಪುಟವನ್ನೂ ನಕಲು ಮಾಡುವ ಕಲಾವಿದರು ಹುಟ್ಟಿಕೊಂಡಿದ್ದಾರೆ. ಆ ಹುಡುಗ ಈಗ ಎಂಟನೇ ಕ್ಲಾಸು, ಗಣಿತದಲ್ಲಿ ಇನ್ನೂ ಹಿಂದೆಯೇ ಇದ್ದಾನೆ. ಒಂದು ವ್ಯತ್ಯಾಸ ಮಾತ್ರ ಕಂಡಿದ್ದೀನಿ. ಮೊನ್ನೆ ಬೀಜಗಣಿತದ ಒಂದು ಲೆಕ್ಕ ಮೂರು ಸಲ ತಪ್ಪಿ, ನೋಟ್‌ಬುಕ್ ಹಿಡಿದುಕೊಂಡು ಬಂದ. ‘ಏನಾಯ್ತೋ?’ ಅಂದೆ. ‘ಇನ್ನೂ ಜ್ವರ ಎದ್ದಿಲ್ಲ ಸಾ’ ಅಂದ. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಹತ್ತಲ್ಲ ಅನ್ನಲಿಲ್ಲ, ಅಷ್ಟೇ.

ಈ ವರ್ಷದ ಪುರಸ್ಕಾರದ ಸಮಿತಿಯವರು ಬಂದಿದ್ದಾಗ ಒಂದು ಬೇಡಿಕೆ ಇಟ್ಟೆ. ಸನ್ಮಾನ ಆದ ಮಕ್ಕಳ ಕೈಗೆ ಎರಡೆರಡು ನಿಮಿಷ ಮೈಕ್ ಕೊಡಿ, ‘ನಿಮಗೆ ಯಾವುದು ಬರ್ತಿರಲಿಲ್ಲ, ಆಮೇಲೆ ಹೆಂಗ್ ಬಂತು’ ಅಂತ ಕೇಳಿ, ಹಿಂದೆ ಕೂತ ತಮ್ಮ ತಂಗಿಯರು ಕೇಳಿಸಿಕೊಳ್ಳಲಿ ಅಂದೆ. ಅವರು ಕಾರ್ಯಕ್ರಮದ ಪಟ್ಟಿ ನೋಡಿದರು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಹನ್ನೊಂದು ಜನ ಅತಿಥಿಗಳ ನುಡಿ, ವಂದನಾರ್ಪಣೆ.

‘ಟೈಮ್ ಸಾಲಲ್ಲ ಮೇಷ್ಟ್ರೇ’ ಅಂದರು.